ನನ್ನ ಇಪ್ಪತ್ತು ಪಟ್ಟು ವೇಗವೂ ಕ್ರೇ-1ರ ಕಥೆಯೂ

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಳೆಯ ಮುನ್ಸೂಚನೆಗೆ ಬಳಸುವ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕೋಡನ್ನು ನೋಡಿಕೊಳ್ಳುವುದು ನನ್ನ ಕೆಲಸ. ರಾತ್ರಿ 10 ಗಂಟೆಗೆ ಓಡಲು ಬಿಟ್ಟ ಲೆಕ್ಕ ಮರುದಿನ ಮಧ್ಯಾಹ್ನ 1 ಗಂಟೆಗೆ ಮುಗಿಯುತ್ತಿತ್ತು. ಮುನ್ಸೂಚನೆಯನ್ನು ಬಳಸುವವರಿಗೆ ಅದು ಬೆಳಿಗ್ಗೆ 6ಕ್ಕೇ ಬೇಕಿದ್ದರಿಂದ, ಅದರ ವೇಗ ಹೆಚ್ಚಿಸುವ ಹೊಣೆ ನನ್ನ ಪಾಲಿಗೆ ಬಂತು. ಒಟ್ಟು 15 ಗಂಟೆಗಳಲ್ಲಿ 6 ಗಂಟೆಗಳನ್ನು ಗಾಳಿಯ ಚಲನೆಯ ಸಮೀಕರಣಗಳನ್ನು ಬಿಡಿಸುವ ಒಂದೇ ಭಾಗ ತಿನ್ನುತ್ತಿತ್ತು. ಮೂರು ತಿಂಗಳು ಕುಳಿತು ಆ ಭಾಗವನ್ನು ಜಿಪಿಯು, ಅಂದರೆ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಗ್ರಾಫಿಕ್ಸ್ ಚಿಪ್, ಮೇಲೆ ಓಡುವಂತೆ ಮತ್ತೆ ಬರೆದೆ. ಅದು 18 ನಿಮಿಷಕ್ಕೆ ಇಳಿಯಿತು. ವಿಭಾಗದ ಸಭೆಯಲ್ಲಿ ‘20 ಪಟ್ಟು ವೇಗ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಸ್ಲೈಡ್ ತೋರಿಸಿದಾಗ ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ನಮ್ಮ ಹಿರಿಯ ವಿಜ್ಞಾನಿಯೊಬ್ಬರು, “ಸರಿಯಪ್ಪ, ಹಾಗಾದರೆ ಬೆಳಿಗ್ಗೆ ಎಷ್ಟು ಗಂಟೆಗೆ ಕೈಗೆ ಸಿಗುತ್ತೆ?” ಎಂದು ಕೇಳಿದರು. “ಎಂಟು ಗಂಟೆಗೆ, ಮೇಡಂ” ಎಂದೆ. ಉಳಿದ 9 ಗಂಟೆಗಳ ಕೆಲಸ ಹಾಗೆಯೇ ಇತ್ತು. ಅದರ ಮೇಲೆ ಮುಖ್ಯ ಮೆಮೊರಿಯಿಂದ ಜಿಪಿಯುಗೂ ಅಲ್ಲಿಂದ ಮತ್ತೆ ಹಿಂದಕ್ಕೂ ಅಂಕಿಅಂಶಗಳನ್ನು ಸಾಗಿಸುವುದಕ್ಕೇ 42 ನಿಮಿಷ ಹಿಡಿಯುತ್ತಿತ್ತು. ಎಲ್ಲ ಸೇರಿ 10 ಗಂಟೆ, ಅಂದರೆ ಒಂದೂವರೆ ಪಟ್ಟು ವೇಗ. ಮೇಡಂ ಬೈಯಲಿಲ್ಲ. ಸ್ಟಾರ್-100 ಮತ್ತು ಕ್ರೇ-1 ಎಂಬ ಎರಡು ಹಳೆಯ ಸೂಪರ್ ಕಂಪ್ಯೂಟರ್‌ಗಳ ಬಗ್ಗೆ ಓದಿಕೊಂಡು ಬಾ ಎಂದಷ್ಟೇ ಹೇಳಿದರು. ಐವತ್ತು ವರ್ಷ ಹಿಂದಿನ ಯಂತ್ರಗಳಿಂದ ಜಿಪಿಯು ಕಾಲದವನು ಕಲಿಯುವುದೇನಿದೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಓದಲು ಕುಳಿತವನಿಗೆ, ಎರಡು ದಿನಗಳಲ್ಲಿ ನನ್ನ ಸ್ಲೈಡಿನ ಕಥೆಯೇ ಅಲ್ಲಿ ಎದುರಾಯಿತು.

ಅಮೆರಿಕದ ಕಂಟ್ರೋಲ್ ಡೇಟಾ ಕಂಪನಿ ಸ್ಟಾರ್-100 ಯಂತ್ರವನ್ನು ಸೆಕೆಂಡಿಗೆ 10 ಕೋಟಿ ಗಣನೆಗಳ ಗುರಿಯಿಟ್ಟುಕೊಂಡು ರೂಪಿಸಿತ್ತು. ಒಂದೊಂದೇ ಸಂಖ್ಯೆಯನ್ನು ಕೂಡಿಸುವ ಬದಲು ಸಂಖ್ಯೆಗಳ ಉದ್ದನೆಯ ಸಾಲನ್ನೇ, ಅಂದರೆ ವೆಕ್ಟರನ್ನು, ಒಂದೇ ಆದೇಶದಲ್ಲಿ ಸಂಸ್ಕರಿಸುವುದು ಅದರ ಹೊಸತನ. ಆದರೆ ಪ್ರತಿಯೊಂದು ವೆಕ್ಟರ್ ಗಣನೆಯೂ ಮುಖ್ಯ ಮೆಮೊರಿಯಿಂದಲೇ ಸಾಲನ್ನು ಎತ್ತಿಕೊಂಡು ಉತ್ತರವನ್ನು ಅಲ್ಲಿಗೇ ಮರಳಿಸಬೇಕಿತ್ತು. ಹಾಗಾಗಿ ಕೆಲಸ ಆರಂಭವಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಸಾಲು ಉದ್ದವಾಗಿದ್ದರಷ್ಟೇ ಆ ಖರ್ಚು ಗಿಟ್ಟುತ್ತಿತ್ತು. ಸಾಲು ಚಿಕ್ಕದಿದ್ದರೆ, ಎರಡು ಲೋಟ ಕಾಫಿಗಾಗಿ ಮದುವೆಮನೆಯ ಒಲೆ ಹೊತ್ತಿಸಿದಂತೆ ಆಗುತ್ತಿತ್ತು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಸಾಲಿಗೆ ಒಗ್ಗದ ಬಿಡಿ ಲೆಕ್ಕಗಳಲ್ಲಿ, ಅಂದರೆ ಸ್ಕೇಲರ್ ಗಣನೆಯಲ್ಲಿ, ಈ ಹೊಸ ಯಂತ್ರವು ಅದೇ ಕಂಪನಿಯ 1969ರ ಸಿಡಿಸಿ 7600 ಯಂತ್ರಕ್ಕಿಂತಲೂ ನಿಧಾನವಾಗಿತ್ತು. ನಿಜವಾದ ವೈಜ್ಞಾನಿಕ ಕೋಡುಗಳಲ್ಲಿ ಎರಡೂ ಬಗೆಯ ಕೆಲಸ ಬೆರೆತಿರುವುದರಿಂದ, ಯಂತ್ರ ಪಡೆದವರಿಗೆ ಕಾಗದದ ಮೇಲಿನ ವೇಗ ದಕ್ಕಲಿಲ್ಲ.

ಐಬಿಎಂನಲ್ಲಿದ್ದ ಜೀನ್ ಆಮ್ಡಾಲ್ ಇದನ್ನು 1967ರಲ್ಲೇ ಒಂದು ಸಮ್ಮೇಳನದಲ್ಲಿ ವಾದಿಸಿದ್ದರು. ಕೆಲಸದ ಒಂದು ಪಾಲನ್ನು ಎಷ್ಟೇ ವೇಗಗೊಳಿಸಿದರೂ ಮುಟ್ಟದೆ ಬಿಟ್ಟ ಪಾಲು ಒಟ್ಟು ಸಮಯಕ್ಕೆ ಮಿತಿ ಹಾಕುತ್ತದೆ. ನನ್ನ 6 ಗಂಟೆಗಳ ಭಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದರೂ 9 ಗಂಟೆ ಕಾಯಲೇಬೇಕಿತ್ತು. ಈ ನಿಯಮವನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ಎಂಬುದನ್ನು ಇಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ 7600 ಯಂತ್ರವನ್ನು ವಿನ್ಯಾಸಗೊಳಿಸಿದ್ದ ಸೆಮೂರ್ ಕ್ರೇ 1972ರಲ್ಲಿ ಕಂಟ್ರೋಲ್ ಡೇಟಾ ಬಿಟ್ಟು, ವಿಸ್ಕಾನ್ಸಿನ್ ರಾಜ್ಯದ ಚಿಪ್ಪೆವಾ ಫಾಲ್ಸ್ ಎಂಬ ತಮ್ಮ ಹುಟ್ಟೂರಿನಲ್ಲಿ ಸ್ವಂತ ಕಂಪನಿಯ ಯಂತ್ರ ಕಟ್ಟತೊಡಗಿದರು. ಕ್ರೇ-1 ಕೂಡ ವೆಕ್ಟರ್ ಯಂತ್ರವೇ. ಆದರೆ ಪ್ರೊಸೆಸರ್‌ನೊಳಗೇ ತಲಾ 64 ಸಂಖ್ಯೆಗಳನ್ನು ಹಿಡಿಯುವ 8 ವೆಕ್ಟರ್ ರಿಜಿಸ್ಟರ್‌ಗಳನ್ನು, ಅಂದರೆ ಕೈಗೆಟುಕುವ ಪುಟ್ಟ ಸಂಗ್ರಹ ಜಾಗಗಳನ್ನು, ಅವರು ಇರಿಸಿದರು. ಒಗ್ಗರಣೆಗೆ ಬೇಕಾದ್ದನ್ನು ಪ್ರತಿ ಸಲವೂ ಉಗ್ರಾಣಕ್ಕೆ ಹೋಗಿ ತರುವ ಬದಲು ಮೊದಲೇ ಒಲೆಕಟ್ಟೆಯ ಮೇಲೆ ತೆಗೆದಿಟ್ಟುಕೊಂಡಂತೆ, ಮೆಮೊರಿಯಿಂದ ಒಮ್ಮೆ ತಂದ ಸಾಲಿನ ಮೇಲೆ ಹಲವು ಗಣನೆಗಳನ್ನು ಅಲ್ಲೇ ಮಾಡಬಹುದಾಗಿತ್ತು. ಗುಣಾಕಾರದ ಘಟಕದಿಂದ ಹೊರಬೀಳುತ್ತಿರುವ ಸಂಖ್ಯೆಗಳನ್ನು, ಸಾಲು ಪೂರ್ತಿಯಾಗುವ ತನಕ ಕಾಯದೆ, ನೇರವಾಗಿ ಸಂಕಲನದ ಘಟಕಕ್ಕೆ ಹರಿಸುವ ಏರ್ಪಾಡೂ ಇತ್ತು. 12.5 ನ್ಯಾನೋಸೆಕೆಂಡಿಗೊಮ್ಮೆ ಮಿಡಿಯುವ ಗಡಿಯಾರದ ಪ್ರತಿ ಮಿಡಿತಕ್ಕೂ ಒಂದು ಗುಣಾಕಾರ ಮತ್ತು ಒಂದು ಸಂಕಲನ ಹೊರಬಂದರೆ ಸೆಕೆಂಡಿಗೆ 16 ಕೋಟಿ ಗಣನೆಗಳಾಗುತ್ತವೆ. ಪ್ರಚಾರಕ್ಕೆ ಸಿಕ್ಕಿದ್ದು ಈ 16 ಕೋಟಿ. ನನ್ನ ಮಟ್ಟಿಗೆ ಮುಖ್ಯವಾದದ್ದು, ವೆಕ್ಟರ್ ಮುಟ್ಟದ ಬಿಡಿ ಲೆಕ್ಕಗಳಲ್ಲೂ ಆ ಯಂತ್ರ 7600ಕ್ಕಿಂತ ವೇಗವಾಗಿತ್ತು ಎಂಬುದು. ಆ ಗಡಿಯಾರ ಸಾಧ್ಯವಾಗಲೆಂದೇ ಯಾವ ತಂತಿಯೂ 4 ಅಡಿ ಮೀರದಂತೆ ಯಂತ್ರವನ್ನು ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದಲ್ಲಿ ಬಾಗಿಸಿದ್ದರು. ಸುತ್ತಲೂ ಮೆತ್ತೆ ಹಾಸಿದ ಆಸನದ ಕೆಳಗೆ ವಿದ್ಯುತ್ ಸರಬರಾಜಿನ ಪೆಟ್ಟಿಗೆಗಳನ್ನು ಅಡಗಿಸಿದ್ದರು. ಚಿತ್ರ ನೋಡಿದವರೆಲ್ಲ ಆ ಆಸನವನ್ನೇ ನೆನಪಿಡುತ್ತಾರೆ. ನಾನೂ ಮೊದಲು ಹಾಗೆಯೇ ನೆನಪಿಟ್ಟುಕೊಂಡಿದ್ದೆ.

ಇನ್ನೂ ಹೆಚ್ಚು ಕಲಿಸಿದ್ದು ಯಂತ್ರ ಪಡೆದವರ ನಡೆ. 1976ರಲ್ಲಿ ಮೊದಲ ಕ್ರೇ-1 ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಹೋದದ್ದು ಆರು ತಿಂಗಳ ಪರೀಕ್ಷೆಗೆ. ಅಲ್ಲಿನವರು ವೇಗವನ್ನಷ್ಟೇ ಅಲ್ಲದೆ ಮೆಮೊರಿ ತಪ್ಪುಗಳನ್ನೂ ಎಣಿಸಿದರು: ಆರು ತಿಂಗಳಲ್ಲಿ 152. ಆ ಯಂತ್ರದಲ್ಲಿ ತಪ್ಪನ್ನು ಗುರುತಿಸುವ ಏರ್ಪಾಡಿತ್ತು, ತಾನಾಗಿ ತಿದ್ದಿಕೊಳ್ಳುವ ಏರ್ಪಾಡಿರಲಿಲ್ಲ. ಲಾಸ್ ಅಲಮೋಸ್ ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಆ ತಪ್ಪುಗಳಲ್ಲಿ ಹೆಚ್ಚಿನವು ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನುಗಳು ಮೆಮೊರಿ ಚಿಪ್ಪುಗಳನ್ನು ತಾಕಿದ್ದರಿಂದ ಆಗಿರಬೇಕೆಂದು 2010ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ ಆ ಹಳೆಯ ದಾಖಲೆಗಳ ಆಧಾರದ ಮೇಲೆ ವಾದಿಸಿದೆ. ಅಂದು ಯಾರೋ ಶ್ರದ್ಧೆಯಿಂದ ಬರೆದಿಟ್ಟ ಪಟ್ಟಿ ಮೂವತ್ತನಾಲ್ಕು ವರ್ಷಗಳ ಬಳಿಕ ಉಪಯೋಗಕ್ಕೆ ಬಂತು. ಯಂತ್ರದಲ್ಲಿ ನಡೆದದ್ದನ್ನು ದಾಖಲಿಸುವ ನಮ್ಮ ಲಾಗ್ ಫೈಲುಗಳನ್ನು ನಾವು ಮೂರು ತಿಂಗಳಿಗೊಮ್ಮೆ ಅಳಿಸಿಹಾಕುತ್ತೇವೆ.

ಕೊಲರಾಡೊದ ಬೌಲ್ಡರ್‌ನಲ್ಲಿರುವ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಕೇಂದ್ರ ಕ್ರೇ-1ರ ಮೊದಲ ಅಧಿಕೃತ ಗ್ರಾಹಕ. ಹವಾಮಾನ ಮಾದರಿಗಳು ಗಂಟೆಗಟ್ಟಲೆ ನಿಲ್ಲದೆ ಓಡಬೇಕಾದ್ದರಿಂದ, ಮೆಮೊರಿ ತಪ್ಪನ್ನು ಯಂತ್ರವೇ ತಿದ್ದಿಕೊಳ್ಳುವ ವ್ಯವಸ್ಥೆ ಅವರಿಗೆ ಬೇಕಿತ್ತು. ಅದಕ್ಕಾಗಿ ಮೆಮೊರಿಯಲ್ಲಿ ಒಂದು ಸಂಖ್ಯೆಯನ್ನು ಹಿಡಿಯುವ 64 ಬಿಟ್‌ಗಳ ಪ್ರತಿ ಘಟಕಕ್ಕೂ ಇನ್ನೂ 8 ಬಿಟ್‌ಗಳು ಸೇರಿದವು. ಆ ವ್ಯವಸ್ಥೆ ಇಲ್ಲದ ಎರಡನೆಯ ಯಂತ್ರವನ್ನು ಕೈಬಿಟ್ಟು, ಮೂರನೆಯದನ್ನು 1977ರ ಜುಲೈನಲ್ಲಿ ಕಳುಹಿಸಲಾಯಿತು. ಬೆಲೆ 88.6 ಲಕ್ಷ ಡಾಲರ್. 1989ರ ತನಕ ಅದು ಅಲ್ಲಿ ದುಡಿಯಿತು. ಮಾರುವವನ ಕೋಷ್ಟಕದಲ್ಲಿ ಕಾಣದ ಅಗತ್ಯವೊಂದನ್ನು ತಮ್ಮ ದೈನಂದಿನ ಕೆಲಸದಿಂದ ಕಂಡುಕೊಂಡು, ಅದಕ್ಕಾಗಿ ಯಂತ್ರವನ್ನೇ ಬದಲಿಸುವಂತೆ ಪಟ್ಟುಹಿಡಿದ ಗ್ರಾಹಕರು ಅವರು. ಇಂಗ್ಲೆಂಡಿನ ರೆಡಿಂಗ್‌ನ ಯುರೋಪಿಯನ್ ಹವಾಮಾನ ಕೇಂದ್ರವೂ 1978ರಲ್ಲಿ ಕ್ರೇ-1 ಪಡೆದು, ಮರುವರ್ಷ ಆಗಸ್ಟ್‌ನಿಂದ ತನ್ನ ಮಧ್ಯಮಾವಧಿ ಮುನ್ಸೂಚನೆಗಳನ್ನು ಕ್ರಮವಾಗಿ ಕೊಡತೊಡಗಿತು.

ನಮ್ಮ ಊರಿಗೆ ಆಗ ಕ್ರೇ ಬರಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಕೇಳಿದ ಯಂತ್ರಕ್ಕೆ ಅಮೆರಿಕದ ಒಪ್ಪಿಗೆ ಸಿಗಲಿಲ್ಲ. ದೆಹಲಿಯ ಹವಾಮಾನ ಕೇಂದ್ರಕ್ಕೆ ಮಾತ್ರ ಕ್ರೇ-1ರ ನಂತರದ ಮಾದರಿಯಾದ ಕ್ರೇ ಎಕ್ಸ್-ಎಂಪಿ ಬಂತು. ಅದೇ ಸುಮಾರಿಗೆ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು, ಅಂದರೆ ಹಲವು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಯಂತ್ರವನ್ನು, ಕಟ್ಟಿತು. ದ್ರವ ಮತ್ತು ಗಾಳಿಯ ಹರಿವಿನ ಸಮೀಕರಣಗಳನ್ನು ಬಿಡಿಸಲೆಂದೇ ಅದನ್ನು ರೂಪಿಸಿದರು ಎಂಬುದು ‘ಹರಿವನ್ನು ಬಿಡಿಸುವುದು’ ಎಂಬ ಅರ್ಥದ ಹೆಸರಿನಲ್ಲೇ ಇದೆ. ಜಗತ್ತಿನ ವೇಗದ ಪಟ್ಟಿಯಲ್ಲಿ ಅದು ಎಷ್ಟನೆಯದು ಎಂದು ಕೇಳುವುದಕ್ಕಿಂತ, ಯಾವ ಲೆಕ್ಕಕ್ಕಾಗಿ ಕಟ್ಟಿದ್ದರು ಎಂದು ಕೇಳುವುದೇ ಅದಕ್ಕೆ ನ್ಯಾಯ ಎಂದು ನನಗನಿಸುತ್ತದೆ.

ಇಷ್ಟನ್ನು ಓದಿಕೊಂಡು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಇಡೀ 10 ಗಂಟೆಗಳನ್ನು ಭಾಗಭಾಗವಾಗಿ ಅಳೆದು ಒಂದು ಹಾಳೆಯಲ್ಲಿ ಬರೆದದ್ದು. ಫಲಿತಾಂಶವನ್ನು ಡಿಸ್ಕಿಗೆ ಬರೆಯುವುದಕ್ಕೆ 3 ಗಂಟೆ ಹೋಗುತ್ತಿದೆ ಎಂದು ತಿಳಿದದ್ದು ಆಗಲೇ. ಪ್ರತಿ ಹೆಜ್ಜೆಯಲ್ಲೂ ಚೂರು ಚೂರಾಗಿ ಬರೆಯುತ್ತಿದ್ದುದನ್ನು ಕೂಡಿಟ್ಟು ಒಟ್ಟಿಗೆ ಬರೆಯುವಂತೆ ಬದಲಿಸಿದಾಗ ಅದು 40 ನಿಮಿಷಕ್ಕೆ ಇಳಿಯಿತು. ನಾಲ್ಕು ದಿನಗಳ ಕೆಲಸ. ಯಾರೂ ಚಪ್ಪಾಳೆ ತಟ್ಟುವಂಥದ್ದಲ್ಲ. ಈಗ ಲೆಕ್ಕ ಬೆಳಿಗ್ಗೆ 5:40ಕ್ಕೆ ಮುಗಿಯುತ್ತದೆ. ಮುಂದಿನ ಸಭೆಯ ಸ್ಲೈಡಿನಲ್ಲಿ ‘ಪಟ್ಟು’ ಎಂಬ ಪದವನ್ನು ಬಿಟ್ಟು ಆ ಗಂಟೆಯನ್ನಷ್ಟೇ ಬರೆದೆ. ಮೇಡಂ ಅದನ್ನು ನೋಡಿ, ಮೋಡಗಳ ಲೆಕ್ಕದ ಭಾಗಕ್ಕೆ ಇನ್ನೂ 4 ಗಂಟೆ ಯಾಕೆ ಬೇಕು ಎಂದು ಕೇಳಿದರು. ಪ್ರತಿ ಬಿಂದುವಿನಲ್ಲೂ ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಎಂದು ಕವಲೊಡೆಯುವ ಆ ಕೋಡನ್ನು ಈ ವಾರದಿಂದ ಓದುತ್ತಿದ್ದೇನೆ.