ಹೆಬ್ಬೇವಿನ ಟೊಂಗೆ ಸವರುವುದು ಕಲಿಯಲು ಬೀದರಿಗೆ

ಕಲಬುರಗಿಯಿಂದ ಬೀದರಿಗೆ ರೈಲು ಶುರುವಾದದ್ದು 2017ರಲ್ಲಿ. ಈ ಸಲ ಫೆಬ್ರುವರಿ ಮೊದಲ ವಾರ ನಾನೂ ಆ ಗಾಡಿ ಹತ್ತಿದೆ. ಕಮಲಾಪುರ ದಾಟಿ, ಮರಗುತ್ತಿ ಸುರಂಗದ ಕತ್ತಲೆ ಕಳೆದು, ಹುಮನಾಬಾದ್ ಹತ್ತಿರವಾದಂತೆ ನಮ್ಮ ಕಡೆಯ ಎರೆಭೂಮಿ ಮುಗಿದು ಕೆಂಪು ನೆಲ ಕಾಣಿಸಿತು.

ಹೊರಟದ್ದು ಕೋಟೆ ನೋಡಲಿಕ್ಕಲ್ಲ. ಬೀದರ್ ಸಮೀಪದ ಹಳ್ಳಿಯಲ್ಲಿ ನಮ್ಮ ಕಾಕಾ ಹೆಬ್ಬೇವು ಹಚ್ಚಿದ್ದಾರೆ. ನಾನೂ ಎರಡು ವರ್ಷದ ಹಿಂದೆ ಹೊಲದ ಬದುವಿಗೆ ನಲವತ್ತು ಗಿಡ ಹಚ್ಚಿದ್ದೆ. ಸವರಿದಷ್ಟೂ ಗಿಡ ಎತ್ತರ ಹೋಗುತ್ತದೆ ಎಂಬ ಮಾತು ನಂಬಿ, ತುದಿಗೊಂದು ಜುಟ್ಟು ಬಿಟ್ಟು ಉಳಿದದ್ದೆಲ್ಲ ಕೊಡಲಿಯಿಂದ ಕಡಿಸಿದೆ. ಗಿಡ ನಿಂತಲ್ಲೇ ನಿಂತವು, ಗಾಳಿಗೆ ಬಾಗಿದವು, ಕಾಂಡದ ತುಂಬ ಬೇಡದ ಚಿಗುರು ಒಡೆದವು. ಆ ಸಂಕಟ ಇಷ್ಟು ದಿನವಾದರೂ ಹೋಗಿಲ್ಲ.

"ಎಲಿ ಕಸ್ಗೊಂಡು ಎತ್ತರ ಕೇಳಿದ್ರ ಹ್ಯಾಂಗ ಕೊಡ್ತದೋ ತಮ್ಮಾ?" ಎಂದರು ಕಾಕಾ.

ಒಮ್ಮೆಗೆ ಹಸಿರು ಭಾಗದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು, ಅದೂ ಕೆಳಗಿನ ಟೊಂಗೆಗಳಿಂದಲೇ. ಎತ್ತರ ಕೊಡುವುದು ಮಣ್ಣು, ನೀರು, ಗಿಡಗಳ ನಡುವಿನ ಅಂತರ. ಕತ್ತರಿಯ ಕೆಲಸವೆಂದರೆ ತಲೆ, ಅಂದರೆ ಮೇಲೇಳುವ ಮುಖ್ಯ ತುದಿ, ಒಂದೇ ಇದ್ದು ನೆಟ್ಟಗೆ ಹೋಗುವಂತೆ ಕಾಯುವುದು, ಕಾಂಡದಲ್ಲಿ ಗಂಟು ಬೀಳದಂತೆ ನೋಡುವುದು. ಹೆಬ್ಬೇವು ಹೋಗುವುದು ಹೆಚ್ಚಾಗಿ ಪ್ಲೈವುಡ್‌ಗೆ. ಒಣಗಿದ ಟೊಂಗೆಯ ಸತ್ತ ಗಂಟು ಇದ್ದರೆ, ಮರದಿಂದ ಸುಲಿದ ತೆಳು ಹಾಳೆಯಲ್ಲಿ ಅಷ್ಟಗಲ ತೂತು. ಎಲೆ ಉದುರಿದ ಈ ಕಾಲದಲ್ಲಿ ಯಾವ ಟೊಂಗೆ ಎಲ್ಲಿಂದ ಹೊರಟಿದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಕಾಕಾ ಹೆಬ್ಬೆರಳಿನಷ್ಟು ದಪ್ಪದ ಟೊಂಗೆಯ ಬುಡ ಮುಟ್ಟಿಸಿದರು. ಕಾಂಡ ಸೇರುವಲ್ಲಿ ಬಳೆಯಂಥ ಉಬ್ಬು. ಅದನ್ನು ಕೆತ್ತಬಾರದು, ಅದರಾಚೆ ಮೋಟು ಉಳಿಸಲೂಬಾರದು. ಮೊದಲು ಗರಗಸದಿಂದ ಅಡಿಯಲ್ಲಿ ಸ್ವಲ್ಪ ಕೊಯ್ದರು, ತೊಗಟೆ ಸೀಳದಿರಲೆಂದು. ಆಮೇಲೆ ಮೇಲಿನಿಂದ. ಪಕ್ಕದಲ್ಲೇ ಹೋದ ವರ್ಷದ ಗಾಯವಿತ್ತು. ಸುತ್ತಲಿನ ತೊಗಟೆ ಬೆಳೆದು ಅಂಚಿನಿಂದ ಒಳಕ್ಕೆ ಬಂದು, ನಡುವೆ ಜೋಳದ ಕಾಳಿನಷ್ಟೇ ಉಳಿದಿತ್ತು. ನನ್ನ ಗಿಡಗಳ ಹರಿದ ಗಾಯಗಳು ನೆನಪಾಗಿ ಅದರ ಮೇಲೆ ಸುಮ್ಮನೆ ಬೆರಳಾಡಿಸಿದೆ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಹೊರಟೆ. ಚೀಲದಲ್ಲಿ ಕಾಕಾ ಕೊಟ್ಟ ಸಣ್ಣ ಗರಗಸ.

ಮರುದಿನ ಹೊಲಕ್ಕೆ ಹೋಗಿ ನಲವತ್ತನ್ನೂ ನೋಡಿದೆ. ಹನ್ನೊಂದಕ್ಕೆ ಎರಡೆರಡು ತಲೆ. ನೆಟ್ಟಗಿರುವುದನ್ನು ಬಿಟ್ಟು ಇನ್ನೊಂದನ್ನು ತೆಗೆದೆ. ಉಳಿದ ಟೊಂಗೆಗಳನ್ನು ಈ ವರ್ಷ ಮುಟ್ಟುವುದಿಲ್ಲ.