ಚಿನ್ನದ ನಕ್ಷತ್ರದ ಅಂಚು ನೋಡಿ

ಕೆಂಪು ಅಂಚು, ನಡುವೆ ಬಿಳಿ ಬಟ್ಟೆ, ಅದರ ಮೇಲೊಂದು ನೀಲಿ ನಕ್ಷತ್ರ. ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ ಇಂಥ ಪುಟ್ಟ ಬಾವುಟ ಆಗಾಗ ಕಣ್ಣಿಗೆ ಬೀಳುತ್ತದೆ. ಯಾವುದೋ ರೆಜಿಮೆಂಟಿನದು ಇರಬೇಕು ಅನ್ನಿಸುತ್ತದೆ, ಅಲ್ವಾ? ಅಲ್ಲ, ಇದು ಮನೆಯದು. ಮಗ ಸೈನ್ಯಕ್ಕೆ ಹೋಗಿದ್ದಾನೆ ಅಂತ ಬೀದಿಗೆ ಕಾಣುವ ಹಾಗೆ ಕಿಟಕಿಗೆ ತೂಗುಹಾಕುತ್ತಿದ್ದರು. ಮೂವರು ಹೋಗಿದ್ದರೆ ಮೂರು ನಕ್ಷತ್ರ. ಒಬ್ಬ ತೀರಿಕೊಂಡರೆ ಅವನ ನೀಲಿ ನಕ್ಷತ್ರದ ಮೇಲೆ ಚಿನ್ನದ ಬಣ್ಣದ್ದು.

ಇದನ್ನು 1917ರಲ್ಲಿ ರೂಪಿಸಿದವರು ನಾನಿರುವ ಓಹಾಯೋದವರೇ, ಕ್ಯಾಪ್ಟನ್ ರಾಬರ್ಟ್ ಕ್ವೈಸರ್. ಅವರ ಇಬ್ಬರು ಗಂಡುಮಕ್ಕಳು ಸೈನ್ಯದಲ್ಲಿದ್ದರು. ಪೇಟೆಂಟ್ ಸಿಕ್ಕಿದ್ದು ಅದೇ ವರ್ಷ ನವೆಂಬರ್ 6ಕ್ಕೆ. ಮೊದಲ ಮಹಾಯುದ್ಧದ ಕೆಲವು ಬಾವುಟಗಳಲ್ಲಿ, ಅಂಚಿಗೆ ಹೊಲಿದ ಬಟ್ಟೆಯ ಪಟ್ಟಿಯ ಮೇಲೆ ಈ ತಾರೀಖು ಅಚ್ಚಾಗಿರುತ್ತದೆ. ಅಚ್ಚಿಲ್ಲ ಅಂತ ಪಕ್ಕಕ್ಕಿಡಬೇಡಿ. ಮನೆಯಲ್ಲೇ ಹೊಲಿದವೂ ಬೇಕಾದಷ್ಟಿವೆ. ನನಗಂತೂ ಸೊಟ್ಟ ನಕ್ಷತ್ರದವೇ ಜಾಸ್ತಿ ಇಷ್ಟ.

ಆ ಕಾಲದವು ಹೆಚ್ಚಾಗಿ ಉಣ್ಣೆ ಅಥವಾ ಹತ್ತಿ. ಎರಡನೇ ಯುದ್ಧದ ಹೊತ್ತಿಗೆ ಹೊಳೆಯುವ ರೇಯಾನ್, ಮೇಲೊಂದು ಮರದ ಕಡ್ಡಿ, ಹಳದಿ ದಾರ, ಕೆಳಗೆ ಕುಚ್ಚು. ನೈಲಾನ್, ಪಾಲಿಯೆಸ್ಟರ್ ಆಗಿದ್ದರೆ ಮೊದಲ ಯುದ್ಧದ ಮಾತೇ ಇಲ್ಲ.

ಇನ್ನು ಚಿನ್ನದ ನಕ್ಷತ್ರದ ವಿಷಯ. ಅದಿದ್ದರೆ ಬೆಲೆ ಏರುತ್ತದೆ. ಹಾಗಾಗಿ ಮಾಮೂಲಿ ಬಾವುಟಕ್ಕೆ ಈಗ ಚಿನ್ನದ ನಕ್ಷತ್ರ ಹೊಲಿದು ಮಾರುವವರೂ ಇದ್ದಾರೆ. ಬದುಕಿ ಮನೆಗೆ ಬಂದವನನ್ನು ನಾಲ್ಕು ಕಾಸಿಗೋಸ್ಕರ ಸಾಯಿಸುವುದು! ನಾನು ಮೊದಲು ನೋಡುವುದೇ ಅಂಚು. ಚಿನ್ನದ್ದು ನೀಲಿಗಿಂತ ಸ್ವಲ್ಪ ಚಿಕ್ಕದಾಗಿದ್ದು, ಸುತ್ತಲೂ ನೀಲಿ ಗೆರೆ ಉಳಿದಿರುವುದು ವಾಡಿಕೆ. ಹೊಲಿಗೆ ಎಲ್ಲಾದರೂ ಬಿಟ್ಟಿದ್ದರೆ ಚಿನ್ನದ ತುದಿಯನ್ನು ಮೆಲ್ಲಗೆ ಎತ್ತಿ. ಯುದ್ಧದ ಕಾಲದಲ್ಲೇ ಹೊಲಿದು ಆಮೇಲೂ ಬಿಸಿಲಿಗೆ ತೂಗಿದ್ದರೆ, ಹೊರಗಿನ ನೀಲಿ ಮಾಸಿರುತ್ತದೆ, ಒಳಗಿನದು ಗಾಢವಾಗಿರುತ್ತದೆ. ಒಳಗೂ ಹೊರಗಿನಷ್ಟೇ ಮಾಸಿದ್ದರೆ ನನಗೆ ಅನುಮಾನ. ಹಿಂಬದಿಯನ್ನೂ ತಿರುಗಿಸಿ. ನೀಲಿ ನಕ್ಷತ್ರದ ದಾರ ಕಂದಿದ್ದು, ಚಿನ್ನದ್ದರ ದಾರ ಮಾತ್ರ ಹೊಸದಾಗಿ ಮಿನುಗುತ್ತಿದ್ದರೆ ಕೊಳ್ಳಬೇಡಿ. ಕತ್ತಲಲ್ಲಿ ನೇರಳಾತೀತ (ಯುವಿ) ಟಾರ್ಚ್ ಬಿಟ್ಟು ನೋಡುವವರಿದ್ದಾರೆ, ಹೊಸ ದಾರ ಹೊಳೆಯುತ್ತದೆ ಅಂತ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಗೆದ ಹಳೇ ಬಟ್ಟೆಯೂ ಹೊಳೆಯುತ್ತದೆ. ಅದೊಂದನ್ನೇ ನಂಬಬೇಡಿ.

ಹತ್ತಾರು ನಕ್ಷತ್ರ ಇರುವ ದೊಡ್ಡ ಬಾವುಟ ಸಿಕ್ಕರೆ ಅದು ಚರ್ಚಿನದೋ ಕಾರ್ಖಾನೆಯದೋ ಇರುತ್ತದೆ. ಇನ್ನೂ ಜಾಸ್ತಿ ಜನ ಹೋಗಿದ್ದರೆ ಒಂದೇ ನಕ್ಷತ್ರ, ಅದರ ಕೆಳಗೆ ಸಂಖ್ಯೆ.

ಕೊಂಡ ಮೇಲೆ ಸುಮ್ನೆ ಒಗೆಯಲು ಹೋಗಬೇಡಿ. ಕೆಂಪು ಬಿಳಿಗೆ ಇಳಿಯಿತೆಂದರೆ ಮುಗಿಯಿತು.