ಸ್ವಿಚ್ ಹಾಕುವ ಮುನ್ನ

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಕೈಗೆ ಸಿಕ್ಕಾಗ ಅದಕ್ಕೆ ವಿದ್ಯುತ್ ಕೊಟ್ಟು, ಪರದೆಯ ಮೇಲೆ ಏನಾದರೂ ಮೂಡುತ್ತದೆಯೇ ಎಂದು ನೋಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಆ ಆಸೆಯನ್ನು ಒಂದೆರಡು ವಾರ ತಡೆದುಕೊಳ್ಳುವುದು ಈ ಹವ್ಯಾಸದಲ್ಲಿ ನಾನು ಕಲಿತ ಮೊದಲ ಪಾಠ. ಮೂವತ್ತು ವರ್ಷ ಮೂಲೆಯಲ್ಲಿ ಕುಳಿತಿದ್ದ ಯಂತ್ರದೊಳಗೆ ಏನೇನು ಕೆಟ್ಟಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಕೆಟ್ಟಿರುವ ಒಂದೇ ಒಂದು ಬಿಡಿಭಾಗ, ಸ್ವಿಚ್ ಹಾಕಿದ ಕ್ಷಣದಲ್ಲಿ, ಅದುವರೆಗೆ ನೆಟ್ಟಗಿದ್ದ ಮತ್ತೊಂದನ್ನೂ ಸುಟ್ಟುಬಿಡಬಹುದು.

ಕಳೆದ ಕೆಲವು ತಿಂಗಳು ನನ್ನ ಮೇಜಿನ ಮೇಲಿದ್ದದ್ದು 486ಡಿಎಕ್ಸ್2 ಪ್ರೊಸೆಸರಿನ ಯಂತ್ರ. ಇಂಟೆಲ್ 1992ರಲ್ಲಿ ಹೊರತಂದ 66 ಮೆಗಾಹರ್ಟ್ಸ್ ವೇಗದ ಈ ಚಿಪ್, ಮದರ್‌ಬೋರ್ಡಿನ 33 ಮೆಗಾಹರ್ಟ್ಸ್ ಗಡಿಯಾರವನ್ನು ತನ್ನೊಳಗೆ ಇಮ್ಮಡಿಗೊಳಿಸಿಕೊಂಡು ಕೆಲಸ ಮಾಡುತ್ತದೆ. ಕ್ಯಾಬಿನೆಟ್ಟಿನ ಮುಚ್ಚಳ ಎಳೆದಾಗ ಕಂಡದ್ದು ಬೆರಳ ದಪ್ಪದ ಧೂಳು. ಬ್ರಷ್ಷಿನಿಂದ ಅದನ್ನು ಸರಿಸುತ್ತ ಹೋದಂತೆ, ಕೀಬೋರ್ಡ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ, ನಾನು ಹೆದರಿದ್ದ ಹಸಿರು ಬಣ್ಣ ಕಣ್ಣಿಗೆ ಬಿತ್ತು.

ಈ ಹಸಿರಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ 386 ಮತ್ತು 486 ಕಾಲದ ಬೋರ್ಡುಗಳ ಸಾವಿಗೆ ಇದರಷ್ಟು ದೊಡ್ಡ ಕಾರಣ ಇನ್ನೊಂದಿಲ್ಲ ಎಂದೇ ನನ್ನ ಅನುಭವ. ಯಂತ್ರ ಆಫ್ ಆಗಿದ್ದಾಗಲೂ ದಿನಾಂಕ, ಸಮಯ ಮತ್ತು ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶವಾದ ಬಯಾಸ್‌ನ ಹೊಂದಾಣಿಕೆಗಳು ಉಳಿಯಲೆಂದು ಆ ಬೋರ್ಡುಗಳ ಮೇಲೆ ಪೀಪಾಯಿ ಆಕಾರದ, 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸುಗೆ ಹಾಕಿರುತ್ತಿದ್ದರು. ವರ್ಷಗಳು ಉರುಳಿದಂತೆ ಬ್ಯಾಟರಿಯ ತುದಿಯ ಮುದ್ರೆ ಸಡಿಲವಾಗಿ ಒಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜಿನುಗುತ್ತದೆ. ಅದು ತಾಮ್ರದ ಗೆರೆಗಳನ್ನು ಹಿಡಿದು ಹರಿದು, ಬೋರ್ಡಿನ ಹಸಿರು ಲೇಪನದ ಅಡಿಯಲ್ಲೇ ನುಸುಳಿ, ತಾಮ್ರವನ್ನು ತಿನ್ನುತ್ತ ಸಾಗುತ್ತದೆ. ಯಂತ್ರವನ್ನು ಬಳಸದೆ ಜೋಪಾನವಾಗಿ ಮುಚ್ಚಿಟ್ಟರೂ ಇದು ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಕಂಪ್ಯೂಟರನ್ನು ನೆನಪಿಗೆಂದು ಅಟ್ಟದ ಮೇಲೆ ಇಟ್ಟಿರುವ ಪ್ರತಿಯೊಬ್ಬರಿಗೂ ನನ್ನದೊಂದು ಕಳಕಳಿಯ ವಿನಂತಿ: ಬೇರೇನೂ ಮಾಡಲಾಗದಿದ್ದರೂ ಆ ಬ್ಯಾಟರಿಯನ್ನು ಮಾತ್ರ ಇಂದೇ ಕತ್ತರಿಸಿ ತೆಗೆಯಿರಿ.

ಸೋರಿದ್ದು ಕ್ಷಾರವಾದ್ದರಿಂದ ಅದನ್ನು ತಟಸ್ಥಗೊಳಿಸಲು ಹುಳಿ ಬೇಕು. ಬ್ಯಾಟರಿಯನ್ನು ಕತ್ತರಿಸಿ ತೆಗೆದ ಮೇಲೆ, ಹತ್ತಿ ಸುತ್ತಿದ ಕಡ್ಡಿಯನ್ನು ಬಿಳಿ ವಿನೆಗರಿನಲ್ಲಿ ಅದ್ದಿ ಆ ಜಾಗಕ್ಕೆ ಒತ್ತಿ ಹಿಡಿದಾಗ ಸಣ್ಣಗೆ ನೊರೆ ಎದ್ದು, ಹತ್ತಿಯ ತುದಿ ತಿಳಿನೀಲಿಗೆ ತಿರುಗಿತು. ಕಡ್ಡಿ ಬದಲಿಸುತ್ತ, ಬಣ್ಣ ಬರುವುದು ನಿಲ್ಲುವವರೆಗೂ ಇದನ್ನೇ ಮಾಡಿ, ಬಳಿಕ ಡಿಸ್ಟಿಲ್ಡ್ ನೀರಿನಿಂದ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಎರಡು ದಿನ ಒಣಗಲು ಬಿಟ್ಟೆ. ಕೈಗವಸು ಮತ್ತು ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಕ್ಯಾಡ್ಮಿಯಂ ವಿಷ.

ಬೋರ್ಡು ಒಣಗಿದ ಮೇಲೆ ಭೂತಗನ್ನಡಿಯ ಕೆಳಗೆ ಪೆಟ್ಟಿನ ಆಳ ತಿಳಿಯಿತು. ಕೀಬೋರ್ಡನ್ನು ನಿಯಂತ್ರಿಸುವ, ನಲವತ್ತು ಕಾಲಿನ ಉದ್ದನೆಯ ಚಿಪ್ಪಿನತ್ತ ಹೋಗುವ ಗೆರೆಗಳಲ್ಲಿ ಮೂರು ಕಪ್ಪಾಗಿದ್ದವು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಗೆರೆಯ ಎರಡು ತುದಿಗಳಿಗೆ ತಾಗಿಸಿದಾಗ ಬೀಪ್ ಶಬ್ದ ಬಂದರೆ ಗೆರೆ ಬದುಕಿದೆ ಎಂದರ್ಥ. ಮೂರರಲ್ಲಿ ಎರಡು ಮೌನವಾಗಿದ್ದವು. ಹೆಸರಿಗೆ ಕೀಬೋರ್ಡಿನ ಚಿಪ್ ಆದರೂ, ಐಬಿಎಂನ ಪಿಸಿ ಎಟಿಯನ್ನು ಅನುಸರಿಸಿದ ಎಟಿ ಮಾದರಿಯ ಯಂತ್ರಗಳಲ್ಲಿ ಒಂದು ಮೆಗಾಬೈಟಿನ ಆಚೆಗಿನ ಮೆಮೊರಿಗೆ ದಾರಿ ಬಿಡುವ ಎ20 ಎಂಬ ಗೇಟನ್ನು ತೆರೆಯುವ ಹೊಣೆಯೂ ಅದರದೇ. ಇದಕ್ಕೆ ಹೋಗುವ ಗೆರೆ ಕಡಿದರೆ ಕೀಲಿಗಳು ಸುಮ್ಮನಾಗುವುದಷ್ಟೇ ಅಲ್ಲ, ಯಂತ್ರವೇ ಮೇಲೇಳದೆ ಹೋಗಬಹುದು. ಬ್ಲೇಡಿನ ಮೊನೆಯಿಂದ ಲೇಪನವನ್ನು ಕೆರೆದು, ಹೊಳೆಯುವ ತಾಮ್ರ ಕಾಣುವವರೆಗೂ ಹಿಂದೆ ಸರಿದು, ಅದಕ್ಕೆ ತೆಳ್ಳಗೆ ಸೀಸ ಹಿಡಿಸಿ, ಕೂದಲಿಗಿಂತ ತುಸು ದಪ್ಪನೆಯ ತಂತಿಯನ್ನು ಎರಡು ತುದಿಗಳ ನಡುವೆ ಬೆಸೆದೆ. ಒಂದು ಗೆರೆಗೆ ಒಂದು ಸಂಜೆ ಹಿಡಿಯಿತು. ಎರಡನೆಯದರಲ್ಲಿ ಬೆಸುಗೆಯ ಕಾವು ಹೆಚ್ಚಾಗಿ ತಾಮ್ರವೇ ಬೋರ್ಡಿನಿಂದ ಎದ್ದುಬಂದದ್ದರಿಂದ, ತಂತಿಯನ್ನು ನೇರವಾಗಿ ಚಿಪ್ಪಿನ ಕಾಲಿಗೇ ಒಯ್ದು ಕೂಡಿಸಬೇಕಾಯಿತು. ತೆಗೆದ ಬ್ಯಾಟರಿಯ ಜಾಗದಲ್ಲಿ ಬೋರ್ಡಿನ ಮೇಲೆ ಏನನ್ನೂ ಕೂರಿಸಲಿಲ್ಲ. ಹೊರಗಿನ ಬ್ಯಾಟರಿಗೆಂದೇ ಇದ್ದ ನಾಲ್ಕು ಪಿನ್ನುಗಳಿಗೆ ಸಿಆರ್2032 ನಾಣ್ಯಸೆಲ್ಲಿನ ಗೂಡೊಂದನ್ನು ತಂತಿಯಿಂದ ಜೋಡಿಸಿ, ಬೋರ್ಡು ಅದನ್ನು ಚಾರ್ಜ್ ಮಾಡದಂತೆ ನಡುವೆ ಡಯೋಡ್ ಇಟ್ಟು, ಕ್ಯಾಬಿನೆಟ್ಟಿನ ಗೋಡೆಗೆ ಅಂಟಿಸಿದೆ. ಇನ್ನು ಸೋರಿದರೂ ಬೋರ್ಡಿಗೆ ತಾಗದು.

ಪವರ್ ಸಪ್ಲೈ ವಿಷಯದಲ್ಲಿ ಎಚ್ಚರಿಕೆಯ ಮಾತುಗಳೇ ಹೆಚ್ಚು. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದಾದ್ದರಿಂದ, ಅಳೆದು ನೋಡಿ ಖಾತ್ರಿಯಾಗುವವರೆಗೂ ನಾನು ಒಳಗೆ ಕೈ ಹಾಕುವುದಿಲ್ಲ. ಬೋರ್ಡಿಗೆ ಜೋಡಿಸುವ ಮೊದಲು, ಕೆಟ್ಟುಹೋದರೂ ಬೇಸರವಿಲ್ಲದ ಹಳೆಯ ಹಾರ್ಡ್ ಡಿಸ್ಕೊಂದನ್ನು ಹೊರೆಯಾಗಿ ಕೊಟ್ಟು 5 ಮತ್ತು 12 ವೋಲ್ಟಿನ ತಂತಿಗಳನ್ನು ಅಳೆಯುತ್ತೇನೆ. 5 ವೋಲ್ಟ್ ಇರಬೇಕಾದಲ್ಲಿ 4.75ಕ್ಕಿಂತ ಕಡಿಮೆ ಅಥವಾ 5.25ಕ್ಕಿಂತ ಹೆಚ್ಚು ಕಂಡರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಎಟಿ ಸಪ್ಲೈಗಳಲ್ಲಿ ಬೋರ್ಡಿಗೆ ಹೋಗುವ ಕನೆಕ್ಟರುಗಳು ಪಿ8, ಪಿ9 ಎಂದು ಎರಡಿರುತ್ತವೆ; ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರುವಂತೆ ಕೂರಿಸಬೇಕು. ಅದಲುಬದಲಾದರೆ ವಾರಗಟ್ಟಲೆ ಮಾಡಿದ ಕೆಲಸ ಒಂದೇ ಕ್ಷಣದಲ್ಲಿ ಹೋದಂತೆಯೇ.

ಇಷ್ಟಾದ ಮೇಲೆ ಯಂತ್ರದ ಸಾಮರ್ಥ್ಯ ಹೆಚ್ಚಿಸುವ ಮಾತು. ಇದರಲ್ಲಿ ಹವ್ಯಾಸಿಗಳ ನಡುವೆ ಒಮ್ಮತವಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎನ್ನುವವರಿದ್ದಾರೆ. ಆ ಸಾಕೆಟ್ ತಾಳುವ ಅತಿ ವೇಗದ ಚಿಪ್ಪನ್ನೇ ತುರುಕಬೇಕು ಎನ್ನುವವರೂ ಇದ್ದಾರೆ. ನನ್ನ ನಿಲುವು ಇಷ್ಟೇ: ಮಾಡಿದ್ದನ್ನೆಲ್ಲ ನಾಳೆ ಇನ್ನೊಬ್ಬರು ಅರ್ಧ ಗಂಟೆಯಲ್ಲಿ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಿರಬೇಕು. ಕ್ಯಾಬಿನೆಟ್ಟಿಗೆ ತೂತು ಕೊರೆಯುವುದಿಲ್ಲ, ತೆಗೆದ ಭಾಗವನ್ನು ಎಸೆಯುವುದಿಲ್ಲ. ಪ್ರತಿಯೊಂದನ್ನೂ ಚೀಟಿ ಅಂಟಿಸಿದ ಲಕೋಟೆಯಲ್ಲಿ ಯಂತ್ರದ ಜೊತೆಗೇ ಇಡುತ್ತೇನೆ.

ಆ ಮಿತಿಯೊಳಗೇ ಮಾಡಬಹುದಾದ್ದು ಬಹಳ. ಈ ಬೋರ್ಡಿನಲ್ಲಿ ಇದ್ದದ್ದು 30 ಪಿನ್ನಿನ ನಾಲ್ಕು ಮೆಮೊರಿ ಪಟ್ಟಿಗಳು. ಅಂಥ ಪಟ್ಟಿಯೊಂದು ಒಮ್ಮೆಗೆ 8 ಬಿಟ್ ಮಾತ್ರ ಸಾಗಿಸುವುದರಿಂದ 32 ಬಿಟ್ಟಿನ 486ಕ್ಕೆ ನಾಲ್ಕು ಒಟ್ಟಿಗೇ ಬೇಕು, ನಾಲ್ಕೂ ಒಂದೇ ಬಗೆಯವಾಗಿರಬೇಕು. 4 ಮೆಗಾಬೈಟಿನ ನಾಲ್ಕು ಪಟ್ಟಿಗಳನ್ನು ಹೊಂದಿಸಿ ಒಟ್ಟು 16 ಮೆಗಾಬೈಟ್ ಮಾಡಿದೆ. ಪ್ರೊಸೆಸರನ್ನು ಬದಲಿಸಲಿಲ್ಲ. 100 ಮೆಗಾಹರ್ಟ್ಸಿನ ಡಿಎಕ್ಸ್4 ಆಕರ್ಷಕವೇ ಸರಿ, ಆದರೆ ಅದು 3.3 ವೋಲ್ಟಿನ ಚಿಪ್. 5 ವೋಲ್ಟ್ ಮಾತ್ರ ಕೊಡುವ ಈ ಸಾಕೆಟ್ಟಿನಲ್ಲಿ, ನಡುವೆ ವೋಲ್ಟೇಜ್ ಇಳಿಸುವ ಅಡ್ಡಪಟ್ಟಿಯಿಲ್ಲದೆ ಕೂರಿಸಿದರೆ ಸುಟ್ಟುಹೋಗುತ್ತದೆ. ವೇಗ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾತು ಈ ಯಂತ್ರಗಳ ಮಟ್ಟಿಗೆ ನಿಜವೂ ಅಲ್ಲ. 1981ರ ಐಬಿಎಂ ಪಿಸಿಯ 4.77 ಮೆಗಾಹರ್ಟ್ಸ್ ವೇಗವನ್ನೇ ನಂಬಿ ಬರೆದ ಆಟಗಳು ವೇಗದ ಯಂತ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಮುಂಭಾಗದಲ್ಲಿರುವ ಟರ್ಬೋ ಗುಂಡಿ ಯಂತ್ರವನ್ನು ನಿಧಾನಗೊಳಿಸಲೆಂದೇ ಇರುವುದು.

ಅತಿ ಹೆಚ್ಚು ಪ್ರಯೋಜನ ಕೊಟ್ಟ ಬದಲಾವಣೆ ಹಾರ್ಡ್ ಡಿಸ್ಕಿನದು. ಹಳೆಯ ಡಿಸ್ಕನ್ನು ಮೊದಲು ಒಂದೇ ಒಂದು ಸಲ ತಿರುಗಿಸಿ, ಹಿಂದಿನ ಒಡೆಯರ ಕಾಗದಪತ್ರಗಳನ್ನು ತೆರೆದು ಓದದೆ, ಅದರಲ್ಲಿದ್ದ ಚಾಲಕ ತಂತ್ರಾಂಶಗಳನ್ನಷ್ಟೇ ನಕಲು ಮಾಡಿಕೊಂಡೆ. ಆ ಬಳಿಕ ಅದರ ಜಾಗಕ್ಕೆ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಬಂತು. ಹಾರ್ಡ್ ಡಿಸ್ಕು ಬೋರ್ಡಿನೊಡನೆ ಮಾತಾಡುವ ಐಡಿಇ ಭಾಷೆ ಈ ಕಾರ್ಡಿಗೆ ಹುಟ್ಟಿನಿಂದಲೇ ಬರುತ್ತದೆ. ನಡುವಿನ ಅಡಾಪ್ಟರ್ ಬಹುಮಟ್ಟಿಗೆ ಪಿನ್ನಿಗೆ ಪಿನ್ ಜೋಡಿಸುವ ತುಂಡಷ್ಟೇ. ಆದರೆ 2 ಗಿಗಾಬೈಟಿನ ಕಾರ್ಡನ್ನು ಬಯಾಸ್ ಕೇವಲ 504 ಮೆಗಾಬೈಟ್ ಎಂದು ಕಂಡಿತು. 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ ಆ ಕಾಲದ ಬಯಾಸ್‌ಗೆ ಎಟುಕುವುದು ಅಷ್ಟೇ. ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯಾಸ್ ಎಂಬ ಮುಕ್ತ ತಂತ್ರಾಂಶವನ್ನು ಓದಲಷ್ಟೇ ಬರುವ ರೋಮ್ ಚಿಪ್ಪೊಂದಕ್ಕೆ ಬರೆದು, ನೆಟ್‌ವರ್ಕ್ ಕಾರ್ಡಿನಲ್ಲಿ ಖಾಲಿಯಿದ್ದ ಬೂಟ್ ರೋಮ್ ಸಾಕೆಟ್ಟಿಗೆ ಕೂರಿಸಿದ ಮೇಲೆ ಇಡೀ ಕಾರ್ಡ್ ಕಾಣಿಸಿಕೊಂಡಿತು. ಹಳೆಯ ಡಿಸ್ಕಿನ ಕರಕರ ಸದ್ದು ಮಾತ್ರ ಈಗ ಇಲ್ಲ, ಅದರ ಕೊರತೆ ನನಗೆ ದಿನವೂ ತಟ್ಟುತ್ತದೆ.

ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಧಾನ 2008ರಿಂದ ಜನಪ್ರಿಯವಾಗಿದೆ. ನಾನು ಅದಕ್ಕೆ ಕೈಹಾಕಲಿಲ್ಲ. ಹಳದಿ ಮತ್ತೆ ಮರಳುವುದನ್ನು ಕಂಡಿದ್ದೇನೆ. ಸೋಪಿನ ನೀರಿನಲ್ಲಿ ತೊಳೆದು ಒರೆಸಿದ್ದೇ ಸಾಕಾಯಿತು.

ಕೊನೆಗೊಂದು ರಾತ್ರಿ ಎಲ್ಲವನ್ನೂ ಜೋಡಿಸಿ, ಪಿ8 ಪಿ9 ಕನೆಕ್ಟರುಗಳನ್ನು ಮೂರು ಸಲ ನೋಡಿ, ಸ್ವಿಚ್ ಹಾಕಿದೆ. ಫ್ಯಾನ್ ತಿರುಗಿತು, ಒಂದು ಸಣ್ಣ ಬೀಪ್ ಬಂತು, ಪರದೆಯ ಎಡಮೂಲೆಯಲ್ಲಿ ಮೆಮೊರಿಯ ಲೆಕ್ಕ ಸಾವಿರದಿಂದ ಸಾವಿರಕ್ಕೆ ಏರುತ್ತ 16384 ಕಿಲೋಬೈಟಿಗೆ ಬಂದು ನಿಂತಿತು. ಬಯಾಸ್‌ನೊಳಗೆ ಹೋಗಿ ದಿನಾಂಕ, ಸಮಯ ತುಂಬಿ ಆಫ್ ಮಾಡಿದೆ. ಮೂರು ವಾರಗಳ ನಂತರ ಮತ್ತೆ ತೆರೆದಾಗ ಗಡಿಯಾರ ಎರಡೇ ನಿಮಿಷ ಹಿಂದಿತ್ತು. ಈಗ ಉಳಿದಿರುವುದು ಫ್ಲಾಪಿ ಡ್ರೈವ್. ಅದರ ಹೆಡ್ಡನ್ನು ಒರೆಸಿ, ಗಟ್ಟಿಯಾಗಿರುವ ಗ್ರೀಸ್ ತೆಗೆದು ಹೊಸದು ಹಚ್ಚಬೇಕು.